ಅಟ್ಟದಿಂದ ಇಳಿಸಿದ ಅಜ್ಜನ ಸೀಗಲ್ ಮೋಟಾರ್: ಮತ್ತೆ ಸ್ಟಾರ್ಟ್ ಮಾಡಿಸಲು ದಾರಿ ಹೇಳಿ

ಹೊಳೆಬದಿ_ಕೆಮ್ಮಣ್ಣು · ಮೇ 2, ರಾತ್ರಿ 9:14

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕೆಮ್ಮಣ್ಣು ಕಡೆ, ಸ್ವರ್ಣಾ ನದಿ ಬದಿಯಲ್ಲಿ. ನಾನು ಶಾಲೆಯಲ್ಲಿ ಟೀಚರ್. ಈಗ ರಜೆ. ಅಟ್ಟ ಗುಡಿಸುವಾಗ ಗೋಣಿಚೀಲದಲ್ಲಿ ಸುತ್ತಿಟ್ಟ ಅಜ್ಜನ ದೋಣಿ ಮೋಟಾರ್ ಸಿಕ್ಕಿತು. ಬ್ರಿಟಿಷ್ ಸೀಗಲ್, ಫಾರ್ಟಿ ಪ್ಲಸ್. ಹಿತ್ತಾಳೆ ಟ್ಯಾಂಕು, ಮೇಲೆ ತೆರೆದ ಫ್ಲೈವೀಲ್, ಹಗ್ಗ ಸುತ್ತಿ ಎಳೆಯುವ ಜಾತಿ.

ಅಜ್ಜ ಮುಂಬಯಿ ಡಾಕ್‌ನಲ್ಲಿ ಫಿಟ್ಟರ್ ಆಗಿದ್ದರು. ಊರಿಗೆ ವಾಪಸ್ ಬರುವಾಗ ಇದನ್ನು ತಂದರಂತೆ. ಕುದ್ರುವಿನಿಂದ (ಹೊಳೆ ನಡುವಿನ ದ್ವೀಪ) ತೆಂಗಿನಕಾಯಿ ತರಲು, ಮದುವೆಗೆ ಜನ ದಾಟಿಸಲು ಇದೇ ಮೋಟಾರ್. ಅಜ್ಜ ಹೋದ ಮೇಲೆ ಯಾರೂ ಮುಟ್ಟಿಲ್ಲ. 25 ವರ್ಷದ ಮೇಲಾಯಿತು.

ಪೇಟೆಯ ಒಂದು ವರ್ಕ್‌ಶಾಪಿಗೆ ತೆಗೆದುಕೊಂಡು ಹೋದೆ. ಅವರು ಫ್ಲೈವೀಲಿಗೆ ಪೈಪ್ ಪಾನಾ ಹಾಕಿ ಜೋರಾಗಿ ತಿರುಗಿಸಲು ನೋಡಿದರು. ತಿರುಗಲಿಲ್ಲ. "ಜಾಮ್ ಆಗಿದೆ, ಗುಜರಿಗೆ ಹಾಕಿ" ಅಂದರು. ಫ್ಲೈವೀಲಿನ ಅಂಚಿನಲ್ಲಿ ಪಾನಾದ ಹಲ್ಲು ಕೂತ ಗಾಯ ಉಂಟು. ಅದನ್ನು ನೋಡಿದಾಗ ಹೊಟ್ಟೆ ಉರಿಯಿತು. ಮನೆಗೆ ವಾಪಸ್ ತಂದಿದ್ದೇನೆ.

ದೊಡ್ಡಪ್ಪನಿಗೆ ಈಗ 78. ಅವರಿಗೆ ಇದರ ಸದ್ದು ಒಮ್ಮೆ ಕೇಳಿಸಬೇಕು. ಮಳೆ ಹಿಡಿಯುವ ಮೊದಲು ಆಗುತ್ತದಾ? ಎಲ್ಲಿಂದ ಶುರು ಮಾಡಲಿ?

ಬೆಂಗ್ರೆ_ಮೆಕ್ಯಾನಿಕ್ · ಮೇ 2, ರಾತ್ರಿ 10:02

ಅಕ್ಕ, ಗುಜರಿಗೆ ಮಾತ್ರ ಹಾಕಬೇಡಿ. ನಾನು ಮಂಗಳೂರಿನ ಬೆಂಗ್ರೆಯಲ್ಲಿ 22 ವರ್ಷದಿಂದ ನಾಡದೋಣಿಯ ಓಬಿಎಂ (ದೋಣಿಯ ಹಿಂದೆ ಹೊರಗೆ ಕಟ್ಟುವ ಔಟ್‌ಬೋರ್ಡ್ ಮೋಟಾರ್) ರಿಪೇರಿ ಮಾಡುತ್ತಾ ಇದ್ದೇನೆ. ನಿಂತ ಮೋಟಾರ್ ಜಾಮ್ ಆಗುವುದು ಮಾಮೂಲು. ಸಿಲಿಂಡರ್ ಎರಕದ ಕಬ್ಬಿಣದ್ದು. ಪಿಸ್ಟನ್ ರಿಂಗು ಅದಕ್ಕೆ ತುಕ್ಕಿನಲ್ಲಿ ಅಂಟಿರುತ್ತದೆ, ಅಷ್ಟೆ. ಬಲ ಹಾಕಿದರೆ ರಿಂಗು ಮುರಿಯುತ್ತದೆ, ಆಮೇಲೆ ನಿಜವಾಗಿ ಕೆಲಸ ಬರುತ್ತದೆ.

ಪ್ಲಗ್ ಬಿಚ್ಚಿ. ಆ ತೂತಿನಿಂದ ಡೀಸೆಲ್ ಮತ್ತು ಇಂಜಿನ್ ಆಯಿಲ್ ಅರ್ಧರ್ಧ ಬೆರೆಸಿ ಎರಡು ಚಮಚ ಹಾಕಿ. ಪಿಸ್ಟನ್ ಮೇಲೆ ನಿಲ್ಲುವ ಹಾಗೆ ಮೋಟಾರ್ ಇಡಿ. ಮೂರು ದಿನ ಬಿಡಿ. ದಿನಕ್ಕೆ ಒಮ್ಮೆ ಫ್ಲೈವೀಲನ್ನು ಎರಡು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಸ್ವಲ್ಪ ಅಲ್ಲಾಡಿಸಿ. ಕೈ ಬಲ ಮಾತ್ರ. ಪಾನಾ ಬೇಡ, ಸುತ್ತಿಗೆ ಬೇಡ.

ಕದ್ರಿಯವ · ಮೇ 2, ರಾತ್ರಿ 11:20

ಸೀಗಲ್! ಎಂತ ಒಳ್ಳೆ ಮೋಟಾರ್ ಮಾರಾಯ್ರೆ. ನನ್ನದು ಹಳೆ ಸ್ಕೂಟರ್, ಹಳೆ ಪಂಪ್‌ಸೆಟ್ ರಿಪೇರಿಯ ಹವ್ಯಾಸ. ಸೀಗಲ್ ಒಂದನ್ನು ಪೂರ್ತಿ ಬಿಚ್ಚಿ ಕಟ್ಟಿದ್ದೇನೆ. ಇಂಗ್ಲೆಂಡಿನ ಪೂಲ್ ಅನ್ನುವ ಊರಿನಲ್ಲಿ ಮಾಡುತ್ತಿದ್ದರು. ಫಾರ್ಟಿ ಪ್ಲಸ್ ಅಂದರೆ 64 ಸಿಸಿ, ಒಂದೇ ಸಿಲಿಂಡರ್, ಟೂ ಸ್ಟ್ರೋಕ್, ಸುಮಾರು 3 ಎಚ್‌ಪಿ.

ಒಂದು ಮಾತು ನೆನಪಿಡಿ. ಇದನ್ನು ಮಾಡಿದವರು ಬೇಕೆಂದೇ ಸರಳ ಮಾಡಿದ್ದಾರೆ. ಹಾಳಾಗುವ ವಸ್ತು ಕಡಿಮೆ. ಪೂರ್ತಿ ಬಿಚ್ಚುವ ಆಸೆ ಬರುತ್ತದೆ, ಬಿಚ್ಚಬೇಡಿ. ಹೆಡ್ ಬೋಲ್ಟಿಗಂತೂ ಕೈ ಹಾಕಲೇಬೇಡಿ. ಉಪ್ಪುನೀರು ಕುಡಿದ ಬೋಲ್ಟು ಬಳಪದ ಹಾಗೆ ತುಂಡಾಗುತ್ತದೆ. ಮೊದಲು ಪಿಸ್ಟನ್ ಬಿಡಲಿ. ಆಮೇಲೆ ಕಿಡಿ. ಆಮೇಲೆ ಪೆಟ್ರೋಲು. ಕೊನೆಗೆ ನೀರು. ಈ ಸಾಲು ತಪ್ಪಿಸಿದರೆ ಎಲ್ಲಿ ತೊಂದರೆ ಅಂತಲೇ ಗೊತ್ತಾಗುವುದಿಲ್ಲ.

ಹೊಳೆಬದಿ_ಕೆಮ್ಮಣ್ಣು · ಮೇ 6, ಸಂಜೆ 6:40

ಬಿಟ್ಟಿತು!! ಮೂರು ದಿನ ಏನೂ ಆಗಲಿಲ್ಲ. ಇವತ್ತು ಬೆಳಿಗ್ಗೆ ಅಲ್ಲಾಡಿಸುವಾಗ ಉಗುರಿನಷ್ಟು ಸರಿಯಿತು. ಇನ್ನೊಂದು ಚಮಚ ಡೀಸೆಲ್ ಹಾಕಿದೆ. ಮಧ್ಯಾಹ್ನ ಊಟ ಆಗಿ ಬಂದು ಹಿಡಿದರೆ ಪೂರ್ತಿ ಒಂದು ಸುತ್ತು ಬಂತು. ಪ್ಲಗ್ ತೂತಿನಿಂದ ಕಂದು ಬಣ್ಣದ ನೀರು ಚಿಮ್ಮಿತು. ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು ತಿರುಗಿಸಿದರೆ ಬೆರಳನ್ನು ದೂಡುತ್ತದೆ.

ದೊಡ್ಡಪ್ಪ ಪಕ್ಕದಲ್ಲೇ ಕುರ್ಚಿ ಹಾಕಿ ಕೂತಿದ್ದರು. ಏನೂ ಮಾತಾಡಲಿಲ್ಲ. ಎದ್ದು ಹೋಗಿ ಅಜ್ಜನ ಹಳೆ ಎಳೆಯುವ ಹಗ್ಗ ತಂದು ಕೊಟ್ಟರು. ಅದು ಅವರ ಕಪಾಟಿನಲ್ಲಿ ಇತ್ತು ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಬೆಂಗ್ರೆ_ಮೆಕ್ಯಾನಿಕ್ · ಮೇ 6, ಸಂಜೆ 7:15

ಬೆರಳು ದೂಡಿದರೆ ಕಂಪ್ರೆಷನ್ ಉಂಟು, ಅಂದರೆ ಪಿಸ್ಟನ್ ಗಾಳಿಯನ್ನು ಸರಿಯಾಗಿ ಒತ್ತುತ್ತಾ ಉಂಟು. ಅರ್ಧ ಕೆಲಸ ಮುಗಿಯಿತು ಅಕ್ಕ.

ಈಗ ಕಿಡಿ ನೋಡಿ. ಪ್ಲಗ್ ಉಜ್ಜಿ ಸ್ವಚ್ಛ ಮಾಡಿ, ವೈರಿಗೆ ಸಿಕ್ಕಿಸಿ, ಪ್ಲಗ್ಗಿನ ಮೈ ಸಿಲಿಂಡರಿಗೆ ತಾಗಿಸಿ ಇಡಿ. ಪ್ಲಗ್ ತೂತಿನಿಂದ ದೂರ ಇಡಬೇಕು, ಒಳಗೆ ಡೀಸೆಲ್ ಹಬೆ ಉಂಟಲ್ವಾ. ಹಗ್ಗ ಸುತ್ತಿ ಎಳೆಯಿರಿ. ನೆರಳಲ್ಲಿ ಮಾಡಿ, ಬಿಸಿಲಲ್ಲಿ ಕಿಡಿ ಕಾಣುವುದಿಲ್ಲ. ನೀಲಿ ಕಿಡಿ ಬಂದು ಚಟ್ ಅಂತ ಕೇಳಬೇಕು.

ಹೊಳೆಬದಿ_ಕೆಮ್ಮಣ್ಣು · ಮೇ 7, ಬೆಳಿಗ್ಗೆ 11:30

ಹತ್ತು ಸಲ ಎಳೆದೆ. ಕಿಡಿ ಇಲ್ಲ. ಬಾಗಿಲು ಹಾಕಿ ಕತ್ತಲು ಮಾಡಿಯೂ ನೋಡಿದೆ. ಪ್ಲಗ್ ಬದಲಿಸೋಣ ಅಂತ ಅಂಗಡಿಗೆ ಹೋದರೆ ಈಗಿನ ಬೈಕಿನ ಪ್ಲಗ್ ತೀರಾ ಸಣ್ಣದು, ಒಳಗೇ ಬೀಳುತ್ತದೆ.

ಕದ್ರಿಯವ · ಮೇ 7, ಮಧ್ಯಾಹ್ನ 1:05

ಸೀಗಲ್ ಪ್ಲಗ್ಗಿನ ಥ್ರೆಡ್ 18 ಮಿ.ಮೀ. ಈಗಿನ ಬೈಕಿಗೆ ಬರುವುದು ಅದಕ್ಕಿಂತ ತುಂಬಾ ಸಣ್ಣ. ಚಾಂಪಿಯನ್ ಡಿ16 ಅಂತ ಕೇಳಿ. ಸಿಗದಿದ್ದರೆ 18ರಿಂದ 14ಕ್ಕೆ ಇಳಿಸುವ ಅಡಾಪ್ಟರ್ ಬರುತ್ತದೆ. ಅದೂ ಇಲ್ಲ ಅಂದರೆ ಲೇತ್‌ನವರು ಹಿತ್ತಾಳೆಯಲ್ಲಿ ತಿರುಗಿಸಿ ಕೊಡುತ್ತಾರೆ. ಆದರೆ ಹಳೆ ಪ್ಲಗ್ಗಿನ ಪಿಂಗಾಣಿ ಬಿರುಕು ಬಿಟ್ಟಿಲ್ಲ ಅಂದರೆ ಅದನ್ನೇ ಉಜ್ಜಿ ಬಳಸಿ. ಗ್ಯಾಪ್ 20 ಥೌ, ಅಂದರೆ ಅರ್ಧ ಮಿ.ಮೀ.

ನಿಮ್ಮ ತೊಂದರೆ ಪ್ಲಗ್ಗಿನಲ್ಲಿ ಇಲ್ಲ ಅಂತ ನನಗೆ ಅನ್ನಿಸುತ್ತದೆ. ಫ್ಲೈವೀಲ್ ಅಡಿಯಲ್ಲಿ ಕಿಡಿಗೆ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟೊ ಉಂಟು, ವಿಲ್ಲಿಯರ್ಸ್ ಕಂಪನಿದು. ತೋಟದಲ್ಲಿ ಹಳೆ ವಿಲ್ಲಿಯರ್ಸ್ ಪಂಪ್ ಬಿಚ್ಚಿದವರಿಗೆ ನೋಡಿದ ಕೂಡಲೇ ಗುರುತು ಸಿಗುತ್ತದೆ. ಅಲ್ಲಿ ಸಿಬಿ ಪಾಯಿಂಟ್ ಇರುತ್ತದೆ. ಎರಡು ಸಣ್ಣ ಲೋಹದ ಬಿಲ್ಲೆ ತಾಗಿ ಬಿಟ್ಟು ಮಾಡುತ್ತವೆ. ಬಿಟ್ಟ ಕ್ಷಣದಲ್ಲಿ ಕಾಯಿಲ್ಲಿನಿಂದ ಕಿಡಿ ಹೊರಡುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ 25 ವರ್ಷ ಕೂತರೆ ಆ ಬಿಲ್ಲೆಗಳ ಮೇಲೆ ಕಣ್ಣಿಗೆ ಕಾಣದಷ್ಟು ತೆಳು ಪೊರೆ ಬೆಳೆಯುತ್ತದೆ. ಕರೆಂಟ್ ದಾಟುವುದಿಲ್ಲ. 100ಕ್ಕೆ 90 ಹಳೆ ಮೋಟಾರ್ ಸಾಯುವುದು ಇಲ್ಲೇ ಅಂತ ನನ್ನ ಅನುಭವ.

ಫ್ಲೈವೀಲ್ ತೆಗೆಯುವ ರೀತಿ ಹೇಳುತ್ತೇನೆ, ನಿಧಾನ ಓದಿ. ಮೊದಲು ಮಾರ್ಕರಿನಲ್ಲಿ ಗುರುತು ಹಾಕಿ ಫೋಟೊ ತೆಗೆಯಿರಿ. ನಟ್ ಸಡಿಲ ಮಾಡಿ, ಆದರೆ ಪೂರ್ತಿ ತೆಗೆಯಬೇಡಿ. ನಟ್ಟಿನ ತಲೆ ಶಾಫ್ಟಿನ ತುದಿಗೆ ಸಮ ಇರಲಿ, ಥ್ರೆಡ್ಡಿಗೆ ಪೆಟ್ಟಾಗಬಾರದು. ಒಬ್ಬರು ಫ್ಲೈವೀಲನ್ನು ಎರಡೂ ಬದಿ ಹಿಡಿದು ಮೇಲಕ್ಕೆ ಎಳೆದು, ಮೋಟಾರಿನ ಭಾರ ಅದರಲ್ಲೇ ತೂಗುವ ಹಾಗೆ ಹಿಡಿಯಬೇಕು. ಇನ್ನೊಬ್ಬರು ನಟ್ಟಿನ ಮೇಲೆ ಮರದ ತುಂಡು ಇಟ್ಟು ಒಂದೇ ಒಂದು ಚುರುಕು ಪೆಟ್ಟು ಕೊಡಬೇಕು. ಬಿಡದಿದ್ದರೆ ಪುಲ್ಲರ್ ತನ್ನಿ. ಸ್ಕ್ರೂಡ್ರೈವರ್ ಹಾಕಿ ಎಬ್ಬಬೇಡಿ, ಅಡಿಯ ಅಲ್ಯುಮಿನಿಯಂ ಒಡೆಯುತ್ತದೆ. ಫ್ಲೈವೀಲಿನ ಮೈಗೆ ಹೊಡೆಯಬೇಡಿ, ಒಳಗೆ ಮ್ಯಾಗ್ನೆಟ್ ಉಂಟು.

ಹೊಳೆಬದಿ_ಕೆಮ್ಮಣ್ಣು · ಮೇ 9, ರಾತ್ರಿ 8:50

ಎರಡನೇ ಪೆಟ್ಟಿಗೆ ಬಂತು. ನಾನು ಹಿಡಿದೆ, ತಮ್ಮ ಹೊಡೆದ.

ಅಡಿಯಲ್ಲಿ ನೋಡಿದರೆ ಎಲ್ಲ ಅಚ್ಚುಕಟ್ಟು. ಸಣ್ಣ ಜೇಡ ಒಂದು ಗೂಡು ಕಟ್ಟಿತ್ತು, ಅಷ್ಟೆ. ಪಾಯಿಂಟ್ ಬಿಡಿಸಿ ಟಾರ್ಚ್ ಹಾಕಿ ನೋಡಿದೆ. ಬಿಲ್ಲೆ ಬೂದಿ ಬಣ್ಣಕ್ಕೆ ತಿರುಗಿತ್ತು. ತುಂಬಾ ನಯವಾದ ವಾಟರ್ ಪೇಪರ್ ಮಡಚಿ ಮಧ್ಯ ಹಾಕಿ ಮೂರು ಸಲ ಎಳೆದೆ. ಆಮೇಲೆ ದಪ್ಪ ಬಿಳಿ ಕಾಗದಕ್ಕೆ ಸ್ಪಿರಿಟ್ ಹಾಕಿ ಎಳೆದೆ. ಮೊದಲ ಸಲ ಕಾಗದದಲ್ಲಿ ಕಪ್ಪು ಗೆರೆ ಬಂತು. ಐದನೇ ಸಲ ಕಾಗದ ಬಿಳಿಯೇ ಉಳಿಯಿತು. ಫೀಲರ್ ಗೇಜಿನಲ್ಲಿ 20 ಥೌ ಇಟ್ಟೆ. ಪ್ಲಗ್ ವೈರಿನ ರಬ್ಬರ್ ಮುಟ್ಟಿದರೆ ಪುಡಿಯಾಗುತ್ತಿತ್ತು, ಹಳೆ ಸ್ಕೂಟರಿನ ತಾಮ್ರದ ವೈರ್ ಹಾಕಿದೆ.

ಕಿಡಿ ಬಂತು. ನೀಲಿ. ತಮ್ಮ ಕಿರುಚಿದ, ಪಕ್ಕದ ಮನೆಯವರು ಓಡಿ ಬಂದರು.

ಉಳ್ಳಾಲ_ಜಾನ್ಸನ್ · ಮೇ 9, ರಾತ್ರಿ 9:33

ಅಭಿನಂದನೆ ಅಕ್ಕ. ನಡುವೆ ನನ್ನದೂ ಒಂದು ಪ್ರಶ್ನೆ, ಕ್ಷಮಿಸಿ. ನನ್ನ ಹತ್ತಿರ ಜಾನ್ಸನ್ 3 ಎಚ್‌ಪಿ ಉಂಟು, ಎರಡು ಸಿಲಿಂಡರಿನದ್ದು, 50ರ ದಶಕದ್ದು. ಕಿಡಿ ಚೆನ್ನಾಗಿದೆ. ಆದರೆ ಸ್ಟಾರ್ಟ್ ಆದ ಐದು ನಿಮಿಷಕ್ಕೆ ಕಾರ್ಬೊರೇಟರ್ ತುಂಬಿ ಪೆಟ್ರೋಲ್ ಸುರಿಯುತ್ತದೆ. ಸೂಜಿ ಬದಲಿಸಿದೆ, ಸರಿಯಾಗಲಿಲ್ಲ.

ಕದ್ರಿಯವ · ಮೇ 9, ರಾತ್ರಿ 10:10

ಬಟ್ಟಲು ಬಿಚ್ಚಿ ಫ್ಲೋಟ್ ನೋಡಿ. ಆ ಕಾಲದ ಜಾನ್ಸನ್, ಎವಿನ್‌ರೂಡ್ ಮೋಟಾರುಗಳಿಗೆ ಬಿರಡೆ ಮರದ ಫ್ಲೋಟ್ ಇರುತ್ತದೆ. ಅದರ ಮೇಲೆ ಅರಗಿನ ವಾರ್ನಿಷ್ ಬಳಿದಿರುತ್ತಾರೆ. ಅರಗು ಪೆಟ್ರೋಲಿನಲ್ಲಿ ಕರಗುವುದಿಲ್ಲ, ಆದರೆ ಆಲ್ಕೊಹಾಲಿನಲ್ಲಿ ಕರಗುತ್ತದೆ. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ 100ರಲ್ಲಿ 20 ಭಾಗ ಎಥೆನಾಲ್. ಅರಗು ಹೋಯಿತು, ಬಿರಡೆ ಪೆಟ್ರೋಲ್ ಕುಡಿಯಿತು, ಭಾರ ಆಯಿತು, ತೇಲುವುದು ಬಿಟ್ಟಿತು. ತೇಲದಿದ್ದರೆ ಸೂಜಿ ಮುಚ್ಚುವುದಿಲ್ಲ, ಎಷ್ಟು ಹೊಸ ಸೂಜಿ ಹಾಕಿದರೂ ಸುರಿಯುತ್ತದೆ.

ಫ್ಲೋಟ್ ಬಿಸಿಲಲ್ಲಿ ಎರಡು ದಿನ ಒಣಗಿಸಿ. ಉಳಿದ ವಾರ್ನಿಷ್ ಕೆರೆದು ತೆಗೆಯಿರಿ. ತೆಳುವಾದ ಸೂಪರ್ ಗ್ಲೂ ಸುತ್ತ ಬಳಿಯಿರಿ, ಒಣಗಿದ ಮೇಲೆ ಇನ್ನೊಂದು ಕೈ. ನಾನು ಮಾಡಿದ್ದು ಎರಡು ವರ್ಷದಿಂದ ಸರಿ ಇದೆ. ಹಾಗೇ ಫ್ಲೈವೀಲ್ ಅಡಿಯ ಕಾಯಿಲ್ಲನ್ನೂ ನೋಡಿ, ಆ ಮಾಡೆಲ್ಲಿನಲ್ಲಿ ಕಾಯಿಲ್ ಮೈ ಬಿರುಕು ಬಿಡುವುದು ಜಾಸ್ತಿ.

ಉಳ್ಳಾಲ_ಜಾನ್ಸನ್ · ಮೇ 9, ರಾತ್ರಿ 10:31

ಈಗಷ್ಟೇ ಬಿಚ್ಚಿದೆ. ಫ್ಲೋಟ್ ಒದ್ದೆ ಬಿಸ್ಕತ್ತಿನ ಹಾಗೆ ಮೆತ್ತಗಾಗಿದೆ. ನೂರು ಉಪಕಾರ.

ಹೊಳೆಬದಿ_ಕೆಮ್ಮಣ್ಣು · ಮೇ 11, ಬೆಳಿಗ್ಗೆ 7:20

ಪೆಟ್ರೋಲಿಗೆ ಎಣ್ಣೆ ಎಷ್ಟು ಬೆರೆಸಬೇಕು? ದೊಡ್ಡಪ್ಪ "ಹತ್ತಕ್ಕೆ ಒಂದು" ಅನ್ನುತ್ತಾರೆ. ನಮ್ಮ ಪಕ್ಕದ ಮನೆಯ ಮೀನುಗಾರರು "ಹತ್ತಕ್ಕೆ ಒಂದು ಹಾಕಿದರೆ ಹೊಗೆಯೇ ಹೊಗೆ, ಐವತ್ತಕ್ಕೆ ಒಂದು ಸಾಕು" ಅನ್ನುತ್ತಾರೆ. ಯಾರ ಮಾತು ಕೇಳಲಿ?

ಬೆಂಗ್ರೆ_ಮೆಕ್ಯಾನಿಕ್ · ಮೇ 11, ಬೆಳಿಗ್ಗೆ 8:05

ಈಗಿನ ಜಪಾನ್ ಮೋಟಾರಿಗೆ 50ಕ್ಕೆ 1 ಸರಿ. ಅದರಲ್ಲಿ ಬೇರಿಂಗ್ ಬೇರೆ, ಆಯಿಲ್ ಸೀಲ್ ಬೇರೆ. ಸೀಗಲ್ ವಿಷಯ ನನಗೆ ಅಷ್ಟು ಗೊತ್ತಿಲ್ಲ, ಕದ್ರಿಯವರು ಹೇಳಲಿ.

ಕದ್ರಿಯವ · ಮೇ 11, ಬೆಳಿಗ್ಗೆ 9:12

ದೊಡ್ಡಪ್ಪನ ಮಾತು ಕೇಳಿ. ಹಳೆ ಸೀಗಲ್‌ಗೆ 10ಕ್ಕೆ 1. ಒಂದು ಲೀಟರ್ ಪೆಟ್ರೋಲಿಗೆ 100 ಎಂಎಲ್ ಎಣ್ಣೆ.

ಕಾರಣ ಉಂಟು. ಈ ಮೋಟಾರಿನ ಕ್ರ್ಯಾಂಕ್ ಶಾಫ್ಟ್ ಬಾಲ್ ಬೇರಿಂಗ್ ಮೇಲೆ ತಿರುಗುವುದಿಲ್ಲ. ಉದ್ದನೆಯ ಬುಷ್, ಅಂದರೆ ಲೋಹದ ಕೊಳವೆಯ ಒಳಗೆ ತಿರುಗುತ್ತದೆ. ಆಯಿಲ್ ಸೀಲ್ ಅಂತ ಅಲ್ಲಿ ಇಲ್ಲವೇ ಇಲ್ಲ. ಬುಷ್ಷಿಗೂ ಶಾಫ್ಟಿಗೂ ನಡುವೆ ನಿಲ್ಲುವ ಎಣ್ಣೆಯ ಪದರವೇ ಸೀಲ್. ಟೂ ಸ್ಟ್ರೋಕಿನಲ್ಲಿ ಕ್ರ್ಯಾಂಕ್‌ಕೇಸಿನೊಳಗೆ ಒತ್ತಡ ನಿಲ್ಲಬೇಕು, ಇಲ್ಲದಿದ್ದರೆ ಪೆಟ್ರೋಲ್ ಗಾಳಿ ಮೇಲಕ್ಕೆ ಹೋಗುವುದಿಲ್ಲ. ಎಣ್ಣೆ ಕಡಿಮೆ ಮಾಡಿದರೆ ಮೊದಲು ಸ್ಟಾರ್ಟ್ ಕಷ್ಟ, ಆಮೇಲೆ ಬುಷ್ ಸವೆತ. ನಂತರದ ಮಾಡೆಲ್‌ಗಳಿಗೆ ಕಾರ್ಬೊರೇಟರ್ ಸೂಜಿ ಬದಲಿಸಿ 25ಕ್ಕೆ 1 ಮಾಡಿದ್ದರು. ನಿಮ್ಮದು ಬದಲಾಗಿಲ್ಲ ಅಂದರೆ ಹತ್ತೇ.

ಎಣ್ಣೆ ಔಟ್‌ಬೋರ್ಡ್‌ನದ್ದೇ ಹಾಕಿ, ಡಬ್ಬಿ ಮೇಲೆ ಟಿಸಿ-ಡಬ್ಲ್ಯು3 ಅಂತ ಇರುತ್ತದೆ. ನೀರಿನಲ್ಲಿ ತಂಪಾಗುವ ಇಂಜಿನ್ನಿಗೆ ಅಂತಲೇ ಮಾಡಿದ್ದು, ಬೂದಿ ಕಟ್ಟುವುದಿಲ್ಲ. ಮಲ್ಪೆ ಧಕ್ಕೆ (ಬಂದರು ಕಟ್ಟೆ) ಹತ್ತಿರದ ಅಂಗಡಿಗಳಲ್ಲಿ ಕೇಳಿ ನೋಡಿ.

ಮರುವಾಯಿ · ಮೇ 11, ಬೆಳಿಗ್ಗೆ 10:48

ನಾನು ಇದೇ ಹೊಳೆಯ ಇನ್ನೊಂದು ದಡದವಳು. ಬೇಸರ ಮಾಡಬೇಡಿ, ಆದರೆ ಹೇಳಲೇಬೇಕು. ಹತ್ತಕ್ಕೆ ಒಂದು ಅಂದರೆ ಸುಡದೆ ಉಳಿದ ಎಣ್ಣೆ ಹೊಗೆಯ ಜೊತೆ ಸೀದಾ ನೀರಿಗೇ ಹೋಗುತ್ತದೆ, ಸೈಲೆನ್ಸರ್ ನೀರಿನೊಳಗೇ ಉಂಟಲ್ವಾ. ನಮ್ಮಲ್ಲಿ ಹತ್ತು ಮನೆ ಮರುವಾಯಿ (ತಿನ್ನುವ ಚಿಪ್ಪು) ಹೆಕ್ಕಿ ಬದುಕುತ್ತವೆ. ಅದು ಮರಳಿನಲ್ಲೇ ಕೂತು ನೀರು ಸೋಸಿ ತಿನ್ನುವ ಜೀವ. ನೀರಿನಲ್ಲಿ ಏನಿದೆಯೋ ಅದೇ ಅದರ ಹೊಟ್ಟೆಯಲ್ಲಿ.

ಹೊಳೆಬದಿ_ಕೆಮ್ಮಣ್ಣು · ಮೇ 11, ಮಧ್ಯಾಹ್ನ 12:30

ಬೇಸರ ಯಾಕೆ ಅಕ್ಕ, ನೀವು ಹೇಳಿದ್ದು ಸರಿ. ನಾವೂ ಅದೇ ಮರುವಾಯಿ ತಿನ್ನುವವರು. ದಿನಾ ಓಡಿಸುವ ಯೋಚನೆ ನನಗೆ ಇಲ್ಲ. ವರ್ಷಕ್ಕೆ ಎರಡೋ ಮೂರೋ ಸಲ, ನಡು ಹೊಳೆಯಲ್ಲಿ. ಮರುವಾಯಿ ಹೆಕ್ಕುವ ದಿಬ್ಬದ ಹತ್ತಿರ ಓಡಿಸುವುದಿಲ್ಲ. ಡ್ರಮ್ಮಿನಲ್ಲಿ ಪರೀಕ್ಷೆ ಮಾಡಿದ ನೀರನ್ನು ಹೊಳೆಗೆ ಚೆಲ್ಲುವುದಿಲ್ಲ. ಮೇಲೆ ತೇಲುವ ಎಣ್ಣೆಯನ್ನು ಹಳೆ ಬಟ್ಟೆಯಲ್ಲಿ ತೆಗೆದು ಬೇರೆ ಇಡುತ್ತೇನೆ.

ಮರುವಾಯಿ · ಮೇ 11, ಮಧ್ಯಾಹ್ನ 12:41

ಸಾಕು ತಂಗಿ. ಸ್ಟಾರ್ಟ್ ಆದ ದಿನ ಹೇಳಿ, ನಾನೂ ದಡಕ್ಕೆ ಬರುತ್ತೇನೆ.

ಮಲ್ಪೆ_ಹಳಬ · ಮೇ 11, ಸಂಜೆ 5:25

ಓದುತ್ತಾ ಕೂತಿದ್ದೆ, ಹಳೆಯದೆಲ್ಲ ನೆನಪಾಯಿತು. ನಾನು ಹುಡುಗ ಆಗಿದ್ದಾಗ ಹುಟ್ಟು ಹಾಕಿಯೇ ಕಡಲಿಗೆ ಹೋಗುವುದು. ದಡದಲ್ಲಿ ರಂಪಣಿ ಬಲೆ ಎಳೆಯಲು ಇಡೀ ಊರು ಸೇರುತ್ತಿತ್ತು. 80ರ ದಶಕದಲ್ಲಿ ನಾಡದೋಣಿಗೆ ಮೋಟಾರ್ ಬರಲು ಶುರುವಾಯಿತು. ಮೊದಲ ಮೋಟಾರ್ ಬಂದ ದಿನ ಅದಕ್ಕೆ ಹೂ ಹಾಕಿ, ತೆಂಗಿನಕಾಯಿ ಒಡೆದಿದ್ದೆವು. ಸಂಜೆ ಗಾಳಿಗೆ ಎದುರು ಹುಟ್ಟು ಹಾಕಿ ಬರುತ್ತಿದ್ದ ತೋಳಿಗೆ ಅದು ಎಷ್ಟು ದೊಡ್ಡ ವಿಷಯ ಅಂತ ಈಗಿನವರಿಗೆ ಹೇಳಿ ತಿಳಿಸಲು ಆಗುವುದಿಲ್ಲ.

ಈಗಲೂ ಜೂನ್ 1ರಿಂದ ಜುಲೈ 31ರ ತನಕ ದೊಡ್ಡ ಬೋಟಿಗೆ ರಜೆ. 61 ದಿನ. 10 ಎಚ್‌ಪಿ ಒಳಗಿನ ಮೋಟಾರ್ ಹಾಕಿದ ನಾಡದೋಣಿ ಮಾತ್ರ ಇಳಿಯಬಹುದು. ಆ ಎರಡು ತಿಂಗಳು ನಮ್ಮ ಊಟ ಈ ಸಣ್ಣ ಮೋಟಾರಿನ ಮೇಲೆಯೇ ನಿಂತಿದೆ. ಒಂದು ಪ್ರಶ್ನೆ, ಇದನ್ನು ಸೀಮೆಎಣ್ಣೆಯಲ್ಲಿ ಓಡಿಸಲು ಆಗುತ್ತದಾ? ನಮ್ಮದೆಲ್ಲ ಸೀಮೆಎಣ್ಣೆಯೇ.

ಬೆಂಗ್ರೆ_ಮೆಕ್ಯಾನಿಕ್ · ಮೇ 11, ಸಂಜೆ 6:00

ಬೇಡ ಅಣ್ಣ. ನಮ್ಮ ಮೋಟಾರನ್ನು ಕಂಪನಿಯವರೇ ಸೀಮೆಎಣ್ಣೆಗೆ ಅಂತ ಕಂಪ್ರೆಷನ್ ಇಳಿಸಿ ಮಾಡಿದ್ದಾರೆ. ಆದರೂ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತರಬೇಕು, ಇಲ್ಲದಿದ್ದರೆ ಮರುದಿನ ಕಾರ್ಬೊರೇಟರಿನಲ್ಲಿ ಸೀಮೆಎಣ್ಣೆ ಕೂತು ಸ್ಟಾರ್ಟ್ ಆಗುವುದಿಲ್ಲ. ಸೀಗಲ್‌ಗೆ ಅಂಥ ಏರ್ಪಾಡು ಇಲ್ಲ.

ಹೊಳೆಬದಿ_ಕೆಮ್ಮಣ್ಣು · ಮೇ 14, ರಾತ್ರಿ 9:05

ಟ್ಯಾಂಕಿನೊಳಗೆ ಹಳೆ ಪೆಟ್ರೋಲು ಬೆಲ್ಲದ ಪಾಕದ ಹಾಗೆ ಅಂಟಿತ್ತು. ಸೀಮೆಎಣ್ಣೆ ಹಾಕಿ, ಒಂದು ಹಿಡಿ ಸಣ್ಣ ನಟ್ ಹಾಕಿ, ಅರ್ಧ ಗಂಟೆ ಕುಲುಕಿದೆ. ನಾಲ್ಕು ಸಲ ತೊಳೆದ ಮೇಲೆ ಒಳಗೆ ಹಿತ್ತಾಳೆ ಹೊಳೆಯಿತು. ಹೊರಗೆ ಅಮ್ಮ ಹುಣಸೆಹುಳಿ ಹಾಕಿ ದೀಪದ ಕಂಬ ಉಜ್ಜಿದ ಹಾಗೆ ಉಜ್ಜಿದರು.

ಆದರೆ ಪೆಟ್ರೋಲ್ ಹಾಕಿದರೆ ಟ್ಯಾಂಕಿನ ಕೊಳಾಯಿಯಿಂದ ಸುರಿಯುತ್ತದೆ. ಎಳೆದು ತೆರೆಯುವ, ಒತ್ತಿ ಮುಚ್ಚುವ ಕೊಳಾಯಿ. ಮುಚ್ಚಿದರೂ ನಿಲ್ಲುವುದಿಲ್ಲ.

ಕದ್ರಿಯವ · ಮೇ 14, ರಾತ್ರಿ 9:40

ಅದರ ಕಡ್ಡಿಯ ತುದಿಯಲ್ಲಿ ಸಣ್ಣ ಬಿರಡೆ ಉಂಟು. ಒಣಗಿ ಕುಗ್ಗಿದೆ. ಎಸೆಯಬೇಡಿ. ಕಡ್ಡಿ ತೆಗೆದು ಬಿಸಿನೀರಿನಲ್ಲಿ ಹಾಕಿ ಇಡಿ, ಉಬ್ಬುತ್ತದೆ.

ಹೊಳೆಬದಿ_ಕೆಮ್ಮಣ್ಣು · ಮೇ 15, ರಾತ್ರಿ 8:15

ಸ್ಟೀಲ್ ಲೋಟದಲ್ಲಿ ಕುದಿ ಬಂದ ನೀರು ಹಾಕಿ ಬಿರಡೆ ಮುಳುಗಿಸಿದೆ. ಮೊದಲು ತೇಲಿತು. ಸುತ್ತ ಸಣ್ಣ ಸಣ್ಣ ಗುಳ್ಳೆ ಎದ್ದವು. ಹತ್ತು ನಿಮಿಷಕ್ಕೆ ಬಣ್ಣ ಕಪ್ಪಾಯಿತು, ಒತ್ತಿದರೆ ಮೆತ್ತಗೆ ಹಿಂದೆ ಬರುತ್ತಿತ್ತು. ಕಡ್ಡಿಯನ್ನು ವಾಪಸ್ ಹಾಕುವಾಗ ಬಿಗಿಯಾಗಿ ಕೂತಿತು. ಒಂದು ಹನಿ ಸೋರುವುದಿಲ್ಲ. ಅಷ್ಟು ವರ್ಷ ಹಿಂದಿನ ಬಿರಡೆ, ಬರೀ ಬಿಸಿನೀರಿಗೆ ಮತ್ತೆ ಜೀವ ಬಂತು. ತುಂಬಾ ಹೊತ್ತು ಅದನ್ನೇ ತೆರೆದು ಮುಚ್ಚಿ ಮಾಡುತ್ತಾ ಕೂತಿದ್ದೆ.

ಬೆಂಗ್ರೆ_ಮೆಕ್ಯಾನಿಕ್ · ಮೇ 15, ರಾತ್ರಿ 8:50

ಗಿಯರ್ ಬಾಕ್ಸ್ ಎಣ್ಣೆ ನೋಡಿದಿರಾ?

ಹೊಳೆಬದಿ_ಕೆಮ್ಮಣ್ಣು · ಮೇ 15, ರಾತ್ರಿ 9:02

ಹಾಲು ಜಾಸ್ತಿ ಹಾಕಿದ ಕಾಫಿಯ ಹಾಗೆ ಇತ್ತು. ನೀರು ಸೇರಿದೆ ಅಲ್ವಾ? ಸೀಲ್ ಹಾಕಿಸಬೇಕಾ?

ಕದ್ರಿಯವ · ಮೇ 15, ರಾತ್ರಿ 9:20

ಬೇರೆ ಮೋಟಾರ್ ಆಗಿದ್ದರೆ ಹೌದು. ಸೀಗಲ್ ಗಿಯರ್ ಬಾಕ್ಸಿಗೆ ಸ್ವಲ್ಪ ನೀರು ಸೇರುವುದು ಮೊದಲಿಂದಲೂ ಹಾಗೆಯೇ. ಅದಕ್ಕೇ ದಪ್ಪ ಎಣ್ಣೆ ಹಾಕುತ್ತಾರೆ, 140 ನಂಬರಿನದ್ದು. ಹಳೆಯದು ಪೂರ್ತಿ ಇಳಿಸಿ ಹೊಸದು ತುಂಬಿ. ಓಡಿಸಿದ ಮೇಲೆ ಆಗಾಗ ನೋಡಿ ಬದಲಿಸಿ.

ಡ್ರಮ್ಮಿನಲ್ಲಿ ಪರೀಕ್ಷೆ ಮಾಡುವಾಗ ಫ್ಯಾನ್ (ನೀರಿನಲ್ಲಿ ತಿರುಗುವ ಪ್ರೊಪೆಲ್ಲರ್) ತೆಗೆದಿಡಿ, ಇಲ್ಲದಿದ್ದರೆ ಅರ್ಧ ಡ್ರಮ್ ನೀರು ಅಂಗಳಕ್ಕೆ ಬೀಳುತ್ತದೆ. 200 ಲೀಟರಿನ ಡ್ರಮ್ ಇರಲಿ. ಟ್ಯಾಂಕಿನ ಮುಚ್ಚಳದ ಮೇಲೆ ಗಾಳಿ ಬಿಡುವ ಸಣ್ಣ ಸ್ಕ್ರೂ ಉಂಟು, ಸಡಿಲ ಮಾಡಲು ಮರೆಯಬೇಡಿ. ಕಾರ್ಬೊರೇಟರಿನ ಸಣ್ಣ ಗುಂಡಿ ಒತ್ತಿ ಪೆಟ್ರೋಲು ಒಸರುವ ತನಕ ಹಿಡಿಯಿರಿ, ಚೋಕ್ ಮುಚ್ಚಿ, ಎಳೆಯಿರಿ. ಫ್ಲೈವೀಲ್ ತೆರೆದೇ ತಿರುಗುತ್ತದೆ. ಸೆರಗು, ದುಪಟ್ಟಾ, ಕೂದಲು ಎಲ್ಲ ಕಟ್ಟಿಕೊಳ್ಳಿ. ಹಗ್ಗ ಬೀಸುವ ದಾರಿಯಲ್ಲಿ ಮಕ್ಕಳು ನಿಲ್ಲಬಾರದು.

ಹೊಳೆಬದಿ_ಕೆಮ್ಮಣ್ಣು · ಮೇ 17, ಮಧ್ಯಾಹ್ನ 12:10

ಸ್ಟಾರ್ಟ್ ಆಯಿತು!!!

ಆರನೇ ಎಳೆತಕ್ಕೆ ಒಮ್ಮೆ ಕೆಮ್ಮಿತು. ಏಳಕ್ಕೆ ಏನೂ ಇಲ್ಲ. ಎಂಟಕ್ಕೆ ಹಿಡಿಯಿತು. ಅಂಗಳ ಪೂರ್ತಿ ನೀಲಿ ಹೊಗೆ. ದೊಡ್ಡಪ್ಪ ಕಣ್ಣು ಒರೆಸುತ್ತಾ ಇದ್ದರು. ಹೊಗೆಗೆ ಅಂತ ಹೇಳಿದರು.

ಆದರೆ ನೀರು ಬರುತ್ತಿಲ್ಲ. ಸಿಲಿಂಡರಿನ ಹಿಂದಿನ ತೂತಿನಿಂದ ನೀರು ಹೊರಬರಬೇಕು ಅಂತ ಓದಿದ್ದೆ. ಒಂದು ಹನಿ ಇಲ್ಲ. ಕೂಡಲೇ ನಿಲ್ಲಿಸಿದೆ.

ಬೆಂಗ್ರೆ_ಮೆಕ್ಯಾನಿಕ್ · ಮೇ 17, ಮಧ್ಯಾಹ್ನ 12:25

ನಿಲ್ಲಿಸಿದ್ದು ಒಳ್ಳೆಯದಾಯಿತು. ಜಪಾನ್ ಮೋಟಾರಿನ ಪಂಪಿನಲ್ಲಿ ರಬ್ಬರ್ ಇಂಪೆಲ್ಲರ್ ಇರುತ್ತದೆ, ನೀರಿಲ್ಲದೆ ತಿರುಗಿದರೆ ಅರ್ಧ ನಿಮಿಷದಲ್ಲಿ ಸುಟ್ಟು ಹೋಗುತ್ತದೆ. ಸೀಗಲ್ ಪಂಪಿಗೆ ಆ ರಬ್ಬರ್ ಇಲ್ಲ, ಪಂಪ್ ಉಳಿದಿರುತ್ತದೆ. ದಾರಿ ಕಟ್ಟಿದೆ. ಅಡಿಯಿಂದ ಮೇಲೆ ಹೋಗುವ ಸಪೂರ ಪೈಪ್ ಬಿಚ್ಚಿ ಊದಿ ನೋಡಿ.

ಹೊಳೆಬದಿ_ಕೆಮ್ಮಣ್ಣು · ಮೇ 18, ಸಂಜೆ 5:50

ಪೈಪ್ ಪೂರ್ತಿ ಮಣ್ಣು. ಕಣಜ ಗೂಡು ಕಟ್ಟಿತ್ತು! ಗೋಡೆ ಮೂಲೆಯಲ್ಲಿ, ಬೀಗದ ತೂತಿನಲ್ಲಿ ಮಣ್ಣು ಮೆತ್ತುತ್ತದಲ್ವಾ, ಅದೇ. ಸೈಕಲ್ ಬ್ರೇಕಿನ ತಂತಿ ಹಾಕಿ ಕುಟ್ಟಿ ತೆಗೆದೆ. ಒಣ ಮಣ್ಣಿನ ಮೂರು ಗುಳಿಗೆ ಬಿದ್ದವು, ಒಳಗೆ ಖಾಲಿ ಪೊರೆ.

ಸಿಲಿಂಡರ್ ಸುತ್ತಿನ ದಾರಿಯಲ್ಲಿ ಉಪ್ಪು, ತುಕ್ಕು. ವಿನೆಗರ್ ತುಂಬಿಸಿ ರಾತ್ರಿಯಿಡೀ ಬಿಟ್ಟೆ, ಬೆಳಿಗ್ಗೆ ಬಾವಿ ನೀರಿನಲ್ಲಿ ತೊಳೆದೆ. ಕಪ್ಪು ಚೂರು ಬರುವುದು ನಿಲ್ಲುವ ತನಕ ತೊಳೆದೆ. ಈಗ ನೀರು ಧಾರೆಯಾಗಿ ಬರುತ್ತದೆ, ಕೈಗೆ ಬೆಚ್ಚಗೆ ತಾಗುತ್ತದೆ.

ಇನ್ನು ಒಂದೇ ತೊಂದರೆ. ಹತ್ತು ನಿಮಿಷ ಚೆನ್ನಾಗಿ ಓಡುತ್ತದೆ. ಆಮೇಲೆ ಮುಗ್ಗರಿಸಿ ನಿಲ್ಲುತ್ತದೆ. ತಣಿದ ಮೇಲೆ ಮತ್ತೆ ಸ್ಟಾರ್ಟ್ ಆಗುತ್ತದೆ. ಟ್ಯಾಂಕಿನ ಗಾಳಿ ಸ್ಕ್ರೂ ತೆರೆದೇ ಇದೆ.

ಕದ್ರಿಯವ · ಮೇ 18, ಸಂಜೆ 6:30

ನಿಂತ ಕೂಡಲೇ, ಬಿಸಿ ಇರುವಾಗಲೇ ಕಿಡಿ ನೋಡಿ. ಕಿಡಿ ಹಳದಿಯಾಗಿ ಸೊರಗಿದ್ದರೆ ಕಂಡೆನ್ಸರ್ ಹಾಳು, ಪಾಯಿಂಟಿನ ಜೊತೆ ಕೆಲಸ ಮಾಡುವ ಸಣ್ಣ ವಿದ್ಯುತ್ ಭಾಗ ಅದು. ಕಾಯಿಲ್ ಕೂಡ ಆಗಿರಬಹುದು, ಆದರೆ ಕಂಡೆನ್ಸರ್ ಅಗ್ಗ, ಅದನ್ನು ಮೊದಲು ಬದಲಿಸಿ. ಹಳೆಯದರ ಒಳಗೆ ಕಾಗದದ ಸುರುಳಿ ಇರುತ್ತದೆ, ತಂಪು ಹಿಡಿದು ಹಾಳಾಗುತ್ತದೆ. ಪಾಯಿಂಟ್ ಇದ್ದ ಕಾಲದ ಹಳೆ ಸ್ಕೂಟರ್ ಕಂಡೆನ್ಸರ್ ತನ್ನಿ. ಅಡಿಯಲ್ಲಿ ತುರುಕುವ ಅಗತ್ಯ ಇಲ್ಲ. ಹಳೆಯದರ ವೈರ್ ಬಿಡಿಸಿ, ಹೊಸದನ್ನು ಹೊರಗೆ ಒಂದು ಸ್ಕ್ರೂವಿಗೆ ಕಟ್ಟಿ, ವೈರನ್ನು ಪಾಯಿಂಟಿಗೆ ತನ್ನಿ. ಅದರ ಮೈ ಇಂಜಿನ್ನಿಗೆ ಚೆನ್ನಾಗಿ ತಾಗಿರಬೇಕು, ಪೇಂಟ್ ಇದ್ದರೆ ಕೆರೆಯಿರಿ.

ಹೊಳೆಬದಿ_ಕೆಮ್ಮಣ್ಣು · ಮೇ 22, ರಾತ್ರಿ 8:00

ಹಳದಿಯೇ ಇತ್ತು. ಉಡುಪಿಯಲ್ಲಿ ಮೂರು ಅಂಗಡಿ ಸುತ್ತಿದ ಮೇಲೆ ಕಂಡೆನ್ಸರ್ ಸಿಕ್ಕಿತು. ಇವತ್ತು ನಲವತ್ತು ನಿಮಿಷ ನಿಲ್ಲದೆ ಓಡಿತು. ಭಾನುವಾರ ಹೊಳೆಗೆ.

ಬೆಂಗ್ರೆ_ಮೆಕ್ಯಾನಿಕ್ · ಮೇ 22, ರಾತ್ರಿ 8:22

ತುಂಬಾ ಸಂತೋಷ ಅಕ್ಕ. ಲೈಫ್ ಜಾಕೆಟ್ ಎಲ್ಲರಿಗೂ ಇರಲಿ, ದೊಡ್ಡಪ್ಪನಿಗೂ. ಹುಟ್ಟು ಎರಡು ದೋಣಿಯಲ್ಲೇ ಇರಲಿ. 3 ಎಚ್‌ಪಿ ನಂಬಿ ಅಳಿವೆ ಬಾಯಿಯ ಕಡೆ ಹೋಗಬೇಡಿ, ಇಳಿತದ ಸೆಳೆತಕ್ಕೆ ಅದು ಎದುರು ನಿಲ್ಲುವುದಿಲ್ಲ. ಉಬ್ಬರ ತುಂಬಿ ನೀರು ನಿಂತ ಹೊತ್ತಿಗೆ ಇಳಿಸಿ. ನಿಮ್ಮದರಲ್ಲಿ ನ್ಯೂಟ್ರಲ್ ಇಲ್ಲ ಅಂದರೆ ಸ್ಟಾರ್ಟ್ ಆದ ಕ್ಷಣವೇ ದೋಣಿ ಹೊರಡುತ್ತದೆ, ಮೂತಿ ನಡು ಹೊಳೆಗೆ ತಿರುಗಿಸಿಟ್ಟು ಎಳೆಯಿರಿ.

ಹೊಳೆಬದಿ_ಕೆಮ್ಮಣ್ಣು · ಮೇ 24, ರಾತ್ರಿ 9:30

ಬೆಳಿಗ್ಗೆ ಉಬ್ಬರ ತುಂಬಿದಾಗ ದೋಣಿ ಇಳಿಸಿದೆವು. ನಾನು, ತಮ್ಮ, ದೊಡ್ಡಪ್ಪ. ಮರುವಾಯಿ ಅಕ್ಕ ಹೇಳಿದ ಹಾಗೆ ದಡಕ್ಕೆ ಬಂದಿದ್ದರು, ಬುತ್ತಿಯಲ್ಲಿ ಪುಂಡಿ ಕಟ್ಟಿ ತಂದಿದ್ದರು.

ಎರಡು ಸಲ ಎಳೆದೆ, ಹಿಡಿಯಲಿಲ್ಲ. ದೊಡ್ಡಪ್ಪ "ಕೊಡು ಇಲ್ಲಿ" ಅಂದರು. ಕೂತಲ್ಲೇ ಹಗ್ಗವನ್ನು ಫ್ಲೈವೀಲಿಗೆ ಎರಡು ಸುತ್ತು ಹಾಕಿದರು. ಎಳೆಯುವ ಮೊದಲು ಒಮ್ಮೆ ನಿಧಾನವಾಗಿ ಎಳೆದು, ಪಿಸ್ಟನ್ ಬಿಗಿಯಾಗುವ ಜಾಗ ಕೈಯಲ್ಲೇ ಹುಡುಕಿದರು. ಅಲ್ಲಿಂದ ಒಂದು ಸಣ್ಣ ಜಗ್ಗು. ಅಷ್ಟೆ. ಹಿಡಿಯಿತು. ನಾನು ಮೂರು ವಾರ ಭುಜ ನೋಯಿಸಿಕೊಂಡು ಎಳೆದದ್ದನ್ನು ಅವರು ಮಣಿಕಟ್ಟಿನಲ್ಲಿ ಮಾಡಿದರು. ಅಜ್ಜ ಹೀಗೇ ಕಲಿಸಿದ್ದಂತೆ.

ಕುದ್ರು ಸುತ್ತಿ ತೂಗುಸೇತುವೆಯ ಅಡಿಯಿಂದ ಬಂದೆವು. ದಡದ ಮನೆಯ ವಯಸ್ಸಾದ ಅಮ್ಮ ಒಬ್ಬರು ಸದ್ದು ಕೇಳಿ ಹೊರಗೆ ಬಂದು, ದೊಡ್ಡಪ್ಪನನ್ನು ಅಜ್ಜನ ಹೆಸರಿನಿಂದ ಕರೆದರು. ದೊಡ್ಡಪ್ಪ ತಿದ್ದಲಿಲ್ಲ. ಕೈ ಎತ್ತಿದರು.

ಸಂಜೆ ಡ್ರಮ್ಮಿನಲ್ಲಿ ಬಾವಿ ನೀರು ಹಾಕಿ ಹತ್ತು ನಿಮಿಷ ಓಡಿಸಿ ಉಪ್ಪು ತೊಳೆದೆ. ಕೊಳಾಯಿ ಮುಚ್ಚಿ, ಕಾರ್ಬೊರೇಟರ್ ಖಾಲಿಯಾಗಿ ತಾನೇ ನಿಲ್ಲುವ ತನಕ ಬಿಟ್ಟೆ. ಟ್ಯಾಂಕ್ ಖಾಲಿ ಮಾಡಿದೆ, ಮಳೆಗಾಲದ ತಂಪಿಗೆ ಇ20 ನೀರು ಎಳೆದುಕೊಳ್ಳುತ್ತದೆ ಅಂತ ಗೊತ್ತಾಗಿದೆ. ನೀರಿನ ತೂತಿಗೆಲ್ಲ ಬಟ್ಟೆ ತುರುಕಿದೆ, ಕಣಜಕ್ಕೆ.

ಒಂದು ಕೇಳುವುದು ಉಂಟು. ಫ್ಯಾನ್ ತಿರುಗಿಸುವ ಸ್ಪ್ರಿಂಗ್ ಒಂದು ಕಡೆ ತೆಳುವಾಗಿದೆ. ಕಲ್ಲಿಗೆ ತಾಗಿದರೆ ತುಂಡಾಗಬಹುದು ಅಂತ ದೊಡ್ಡಪ್ಪ ಹೇಳುತ್ತಾರೆ. ಮಂಗಳೂರಿನಲ್ಲಿ ಸ್ಪ್ರಿಂಗ್ ಸುತ್ತಿ ಕೊಡುವವರು ಯಾರಾದರೂ ಇದ್ದಾರಾ?

ಬೆಂಗ್ರೆ_ಮೆಕ್ಯಾನಿಕ್ · ಮೇ 24, ರಾತ್ರಿ 9:48

ಇದ್ದಾರೆ. ಹಳೆ ಸ್ಪ್ರಿಂಗ್ ಬಿಚ್ಚಿ ಮಂಗಳೂರು ಬಂದರಿಗೆ ತನ್ನಿ, ನಾನೇ ಕರೆದುಕೊಂಡು ಹೋಗುತ್ತೇನೆ. ಸುತ್ತಿದ ದಿಕ್ಕು ಮುಖ್ಯ, ಅದಕ್ಕೆ ಸ್ಯಾಂಪಲ್ ಬೇಕೇ ಬೇಕು. ಎರಡು ಮಾಡಿಸಿ, ಒಂದು ದೋಣಿಯಲ್ಲಿ ಇರಲಿ.

ಕದ್ರಿಯವ · ಮೇ 24, ರಾತ್ರಿ 10:05

ನನಗೂ ಒಂದು ಬೇಕು. ಮೂರು ಮಾಡಿಸೋಣ. ಮತ್ತೆ ದೊಡ್ಡಪ್ಪ ಹಗ್ಗ ಎಳೆಯುವ ವಿಡಿಯೊ ಒಂದು ತೆಗೆಯಿರಿ ಅಕ್ಕ, ಆ ಬಿಗಿ ಹುಡುಕುವುದನ್ನು ಹತ್ತಿರದಿಂದ. ನನಗೆ ಇನ್ನೂ ಆರು ಸಲ ಎಳೆಯಬೇಕಾಗುತ್ತದೆ.